ಬಾಸ್ ಆಳ ಅಳೆದ ಕತೆ

ನನ್ನ ಇಮೇಲ್‌ಗಳಲ್ಲಿ 'ಅಂಡರ್‌ಸ್ಟುಡ್' ಜಾಸ್ತಿಯಾಯಿತು ಅಂತ ನನಗೇ ಬೇಜಾರು ಶುರುವಾಗಿತ್ತು. ಬಾಸ್ ಏನು ಕಳಿಸಿದರೂ ಅದೇ ಉತ್ತರ. ಆವತ್ತು ಹೊಸ ಪ್ಲಾನ್ ಬಂತು, ಬಣ್ಣಬಣ್ಣದ ಚಾರ್ಟುಗಳ ಸಮೇತ. ಅಳೆದೂ ಸುರಿದೂ ಒಂದು ತೂಕದ ಪದ ಹುಡುಕಿದೆ: ಫ್ಯಾದಮ್. ಆಳಕ್ಕಿಳಿದು ಅರ್ಥ ಮಾಡಿಕೊಳ್ಳುವುದು. 'ಐ ಹ್ಯಾವ್ ಫುಲ್ಲಿ ಫ್ಯಾದಮ್ಡ್ ಯು, ಸರ್' ಎಂದು ಬರೆದು ಸೆಂಡ್ ಒತ್ತಿದೆ.

ಎರಡೇ ನಿಮಿಷದಲ್ಲಿ ಉತ್ತರ. 'ನಾಲ್ಕಕ್ಕೆ ಕ್ಯಾಬಿನ್‌ಗೆ ಬನ್ನಿ.'

ಆಮೇಲೆ ನಿಘಂಟು ತೆಗೆದೆ. (ಮೊದಲೇ ತೆಗೆಯುವ ಅಭ್ಯಾಸ ನನಗಿಲ್ಲ.) ಎರಡೂ ಕೈ ಅಗಲಕ್ಕೆ ಚಾಚಿದರೆ ಬೆರಳ ತುದಿಯಿಂದ ತುದಿಗೆ ಎಷ್ಟೋ, ಅಷ್ಟು ಫ್ಯಾದಮ್. ಲೆಕ್ಕದಲ್ಲಿ 6 ಅಡಿ. ನಮ್ಮ 'ಮಾರು' ಇದೇ ಅಲ್ವಾ! ಹಳೇ ಇಂಗ್ಲಿಷಿನಲ್ಲಿ ಇದರ ಕ್ರಿಯಾಪದಕ್ಕೆ ತಬ್ಬಿಕೊಳ್ಳು ಅಂತ ಅರ್ಥವಂತೆ. ಅಂದರೆ ಬಾಸನ್ನು ಪೂರ್ತಿ ತಬ್ಬಿಕೊಂಡಿದ್ದೇನೆ ಅಂತ ನಾನು ಲಿಖಿತವಾಗಿ ಕೊಟ್ಟಿದ್ದೆ.

ಹಡಗಿನವರು ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು, ನೀರಿನ ಆಳವನ್ನು ಈ ಮಾರಿನ ಲೆಕ್ಕದಲ್ಲೇ ಹೇಳುತ್ತಿದ್ದರು. 17ನೇ ಶತಮಾನದ ಹೊತ್ತಿಗೆ ಅದು ಮಾತಿನ ಆಳಕ್ಕೂ ಬಂತು. ಈ ಅರ್ಥ ಹಿಡಿದರೂ ನನಗೆ ಉಳಿಗಾಲವಿಲ್ಲ. 'ನಿಮ್ಮ ಆಳ ಎಷ್ಟಿದೆ ಅಂತ ನೋಡಿಯಾಯಿತು, ಸರ್' ಅಂದ ಹಾಗೆ! ಸಾಲದ್ದಕ್ಕೆ, ಈ ಪದ ಹೆಚ್ಚಾಗಿ ಬರುವುದೇ 'ಆಗಲ್ಲ' ಜೊತೆಗೆ. 'ಐ ಕಾಂಟ್ ಫ್ಯಾದಮ್' ಅನ್ನುವವರು ಬೇಕಾದಷ್ಟು. ಆಯ್ತು ಅಂತ ಎದೆ ತಟ್ಟಿಕೊಂಡವನು ನಾನೊಬ್ಬನೇ ಇರಬೇಕು.

ನಾಲ್ಕಕ್ಕೆ ಹೋದೆ. ಬಾಸ್ ಬಾಯಿ ತೆರೆಯುವ ಮೊದಲೇ ಹಡಗು, ಹಗ್ಗ, ಸೀಸದ ಗುಂಡು ಎಲ್ಲ ಹೇಳಿದೆ. ಸುಮ್ನೆ ಹೇಳಿದ್ದರೆ ಸಾಕಿತ್ತು. 'ಇಷ್ಟು ಸರ್, ಒಂದು ಮಾರು' ಅಂತ ಕೈ ಚಾಚಿದೆ. ಕ್ಯಾಬಿನ್ ಅಷ್ಟು ಅಗಲ ಇರಲಿಲ್ಲ. ಎಡಗೈ ಗೋಡೆಗೆ ಬಡಿಯಿತು, ಬಲಗೈ ಪೆನ್ ಸ್ಟ್ಯಾಂಡಿಗೆ. ಹತ್ತು ಹನ್ನೆರಡು ಪೆನ್ನುಗಳು ಅವರ ಕುರ್ಚಿಯ ಕೆಳಗೆ ಉರುಳಿದವು.

ಮೊಣಕಾಲೂರಿ ಒಂದೊಂದೇ ಹೆಕ್ಕುತ್ತಿದ್ದೆ. ಮೇಲಿಂದ ಬಾಸ್ ದನಿ ಕೇಳಿತು.

'ಅದೆಲ್ಲ ಇರಲಿ. ಪ್ಲಾನ್ ಅರ್ಥ ಆಯ್ತಾ, ಇಲ್ವಾ?'

ನಿಜ ಹೇಳಬೇಕೆಂದರೆ ಒಂದು ಅಕ್ಷರವೂ ಆಗಿರಲಿಲ್ಲ. 'ಕಾಂಟ್ ಫ್ಯಾದಮ್, ಸರ್' ಅನ್ನಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

'ಅಂಡರ್‌ಸ್ಟುಡ್, ಸರ್' ಅಂದೆ, ಕುರ್ಚಿಯ ಕೆಳಗಿಂದಲೇ.