ಬಣ್ಣವಿಲ್ಲದ ಆ ಗ್ಲಾಸನ್ನು ಮೊದಲು ಕೊಡಿ

ವಿಸ್ಕಿ ಡಿಸ್ಟಿಲರಿ ನೋಡಲು ಹೋಗುವವರಿಗೆ ನನ್ನದೊಂದು ಮಾತು. ಟೂರ್ ಮುಗಿದ ಮೇಲೆ ಮೇಜಿನ ಮೇಲೆ ಸಾಲಾಗಿ ಗ್ಲಾಸ್ ಇಡುತ್ತಾರಲ್ಲ, ಅದರಲ್ಲಿ ಒಂದು ಗ್ಲಾಸ್ ನೀರಿನಷ್ಟೇ ತಿಳಿಯಾಗಿರಬೇಕು. ಇಟ್ಟಿರದಿದ್ದರೆ ನೀವೇ ಬಾಯಿಬಿಟ್ಟು ಕೇಳಬೇಕು. ಪೀಪಾಯಿಗೆ ಹೋಗುವ ಮುಂಚಿನ ಆ ಸ್ಪಿರಿಟ್‌ಗೆ ನ್ಯೂ ಮೇಕ್ ಅನ್ನುತ್ತಾರೆ. ಅದನ್ನು ಮುಟ್ಟದೆ 12 ವರ್ಷದ್ದು, 18 ವರ್ಷದ್ದು ಅಂತ ಕುಡಿದು ಬಂದರೆ ನೋಡಿದ್ದು ಅರ್ಧ ಡಿಸ್ಟಿಲರಿ ಮಾತ್ರ.

ನಾನು ಹೋಗಿದ್ದು ಸ್ಕಾಟ್ಲೆಂಡಿನ ಸ್ಪೇಸೈಡ್ ಭಾಗದ ಒಂದು ಮಾಲ್ಟ್ ಡಿಸ್ಟಿಲರಿಗೆ. ಸ್ಪೇ ನದಿಯ ಸುತ್ತಮುತ್ತ ಇಂಥವು ಸುಮಾರು 50 ಇವೆ. ಇಷ್ಟು ಒತ್ತೊತ್ತಾಗಿ ಡಿಸ್ಟಿಲರಿಗಳು ಸ್ಕಾಟ್ಲೆಂಡಿನಲ್ಲಿ ಬೇರೆಲ್ಲೂ ಇಲ್ಲ.

ಮೊದಲ ಭಾಗ ಬೇಗ ಮುಗಿಯುತ್ತದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುವ ಕೆಲಸವನ್ನು ಈಗ ಹೆಚ್ಚಿನ ಡಿಸ್ಟಿಲರಿಗಳು ತಾವೇ ಮಾಡುವುದಿಲ್ಲ. ಅದಕ್ಕೆಂದೇ ಇರುವ ದೊಡ್ಡ ಘಟಕಗಳಿಂದ ಮಾಲ್ಟ್ ತರಿಸಿಕೊಳ್ಳುತ್ತಾರೆ. ಒಣಗಿಸುವಾಗ ಪೀಟ್, ಅಂದರೆ ಜೌಗು ನೆಲದಿಂದ ಅಗೆದು ತೆಗೆದ, ಗಿಡಗಳು ಕೊಳೆತು ಆದ ಮಣ್ಣನ್ನು ಸುಟ್ಟು ಹೊಗೆ ಕೊಟ್ಟರೆ ವಿಸ್ಕಿಗೆ ಆ ಹೊಗೆಯ ವಾಸನೆ ಬರುತ್ತದೆ. ಆಮೇಲೆ ಮಾಲ್ಟನ್ನು ಪುಡಿ ಮಾಡಿ, ಬಿಸಿನೀರು ಹಾಕಿ, ಸಿಹಿಯಾದ ರಸ ಬಸಿದುಕೊಳ್ಳುತ್ತಾರೆ. ಇಷ್ಟನ್ನು ಫಲಕ ಓದಿಯೂ ತಿಳಿಯಬಹುದು.

ಆದರೆ ಹುದುಗುವ ತೊಟ್ಟಿಗಳ ಹತ್ತಿರ ಅವಸರ ಮಾಡಬೇಡಿ. ಅವಕ್ಕೆ ವಾಶ್‌ಬ್ಯಾಕ್ ಅಂತ ಹೆಸರು. ನಾನು ನೋಡಿದವು ಮರದವು, ಒಂದೊಂದೂ ಎರಡು ಅಂತಸ್ತಿನಷ್ಟು ಆಳ. ಗೈಡ್ ಮುಚ್ಚಳ ಸರಿಸಿ ಬಗ್ಗಿ ನೋಡಿ ಎಂದರು. ಒಳಗೆ ನೊರೆ ಉಕ್ಕಿ ಬರುತ್ತಿತ್ತು. ಅದು ಹೊರಗೆ ಚೆಲ್ಲದ ಹಾಗೆ ಒಂದು ಅಲಗು ಸುತ್ತುತ್ತಾ ನೊರೆಯನ್ನು ಕತ್ತರಿಸುತ್ತಿತ್ತು. ಉಸಿರು ಎಳೆದುಕೊಂಡ ಕೂಡಲೇ ಕಾರ್ಬನ್ ಡೈಆಕ್ಸೈಡ್ ಮೂಗಿನೊಳಗೆ ಚುಚ್ಚಿ, ತಲೆ ತಾನಾಗಿ ಹಿಂದಕ್ಕೆ ಬಂತು. ಪಕ್ಕದ ತೊಟ್ಟಿಯಲ್ಲಿ ಕೆಲಸ ಮುಗಿದಿತ್ತು. ನೊರೆ ಇಳಿದು, ಹಣ್ಣು ಮತ್ತು ಹುಳಿ ಸೇರಿದ ಘಮ ಬರುತ್ತಿತ್ತು. ಈ ಹಂತದಲ್ಲಿ ಆಲ್ಕೋಹಾಲ್ ಇರುವುದು ಸುಮಾರು ಶೇ. 8 ಮಾತ್ರ. ಇದನ್ನು ಎರಡು ದಿನಕ್ಕೇ ಮುಗಿಸಿದರೆ ಸ್ಪಿರಿಟ್‌ನಲ್ಲಿ ಧಾನ್ಯದ ಗುಣ ಜಾಸ್ತಿ. ಮೂರು, ನಾಲ್ಕು ದಿನ ಬಿಟ್ಟರೆ ಹಣ್ಣಿನ ಗುಣ ಜಾಸ್ತಿ. ವಿಸ್ಕಿಯ ಹಣ್ಣಿನ ವಾಸನೆ ಅಂದರೆ ಎಲ್ಲರೂ ಪೀಪಾಯಿಯನ್ನೇ ಹೊಗಳುತ್ತಾರೆ. ಅದರಲ್ಲಿ ದೊಡ್ಡ ಪಾಲು ಈ ತೊಟ್ಟಿಯಲ್ಲಿ ಯೀಸ್ಟ್ ಮಾಡಿದ್ದು.

ಆಮೇಲೆ ಬಟ್ಟಿ ಮನೆ. ತಾಮ್ರದ ದೊಡ್ಡ ಹಂಡೆಗಳು, ಮೇಲಕ್ಕೆ ಕಿರಿದಾಗುತ್ತಾ ಹೋಗಿ ಬಾಗಿದ ಕತ್ತು. ಕೆಲವು ಕಡೆ ಇಲ್ಲಿ ಫೋನ್ ಆಫ್ ಮಾಡಿಸುತ್ತಾರೆ. ಗಾಳಿಯಲ್ಲಿ ಆಲ್ಕೋಹಾಲ್ ಆವಿ ಇರುವ ಜಾಗ, ಬೆಂಕಿಯ ಭಯ ಇದ್ದೇ ಇರುತ್ತದೆ. ತಾಮ್ರವೇ ಯಾಕೆ ಅಂದರೆ, ಅದು ಗಂಧಕದ ಕೆಟ್ಟ ವಾಸನೆಯನ್ನು ಎಳೆದುಕೊಂಡು ಸ್ಪಿರಿಟನ್ನು ಹಗುರ ಮಾಡುತ್ತದೆ. ಕತ್ತು ಎತ್ತರವಾಗಿದ್ದಷ್ಟೂ ಆವಿ ತಾಮ್ರವನ್ನು ಮುಟ್ಟುವುದು ಜಾಸ್ತಿ, ಸ್ಪಿರಿಟ್ ನಯ. ಕುಳ್ಳಗೆ ದಪ್ಪಗಿದ್ದರೆ ಸ್ಪಿರಿಟ್ ಮಂದ, ಬಾಯಲ್ಲಿ ಎಣ್ಣೆಯ ಜಿಡ್ಡಿನಂತೆ ನಿಲ್ಲುತ್ತದೆ.

ಎರಡು ಸಲ ಬಟ್ಟಿ ಇಳಿಸುತ್ತಾರೆ. ಮೊದಲ ಸಲಕ್ಕೆ ಆಲ್ಕೋಹಾಲ್ ಶೇ. 20ರಿಂದ 25ರವರೆಗೆ ಬರುತ್ತದೆ. ನಿಜವಾದ ಕೈಚಳಕ ಎರಡನೆಯದರಲ್ಲಿ. ಮೊದಲು ಬರುವ ಸ್ಪಿರಿಟ್ ತೀರಾ ಖಾರ, ಕೊನೆಗೆ ಬರುವುದು ಮಬ್ಬು, ಒದ್ದೆ ಬಟ್ಟೆಯ ವಾಸನೆ. ನಡುವಿನದ್ದನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಮತ್ತೆ ಹಂಡೆಗೆ ಕಳಿಸುತ್ತಾರೆ. ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದು ಒಂದೊಂದು ಡಿಸ್ಟಿಲರಿಗೆ ಒಂದೊಂದು ಥರ. ಈ ಕೆಲಸ ಹಿತ್ತಾಳೆ ಚೌಕಟ್ಟಿನ, ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿ ನಡೆಯುತ್ತದೆ. ಅದೇ ಸ್ಪಿರಿಟ್ ಸೇಫ್. ಹಿಂದೆ ಅದರ ಬೀಗ ತೆರಿಗೆ ಅಧಿಕಾರಿಯ ಹಿಡಿತದಲ್ಲಿತ್ತು. ಒಂದು ಹನಿಯೂ ತೆರಿಗೆ ತಪ್ಪಿಸಿಕೊಂಡು ಹೋಗಬಾರದು ಅಂತ. ಬಟ್ಟಿ ಇಳಿಸುವವನಿಗೆ ಮುಟ್ಟುವ ಹಾಗಿಲ್ಲ, ರುಚಿ ನೋಡುವ ಹಾಗಿಲ್ಲ. ಹೊರಗಿನ ಹಿಡಿಕೆ ತಿರುಗಿಸಿ, ಒಳಗಿನ ಮಾಪಕ ನೋಡಿ, ಸ್ಪಿರಿಟ್‌ಗೆ ನೀರು ಬೆರೆಸಿ ತಿಳಿಯುತ್ತಿದ್ದರು. ನೀರು ಸೇರಿದಾಗ ಹಾಲಿನಂತೆ ಮಂಕಾದರೆ ಇನ್ನೂ ಹೊತ್ತಿದೆ. ತಿಳಿಯಾಗಿಯೇ ಉಳಿದರೆ ಇನ್ನು ಹಿಡಿದುಕೊಳ್ಳಬಹುದು. ಆ ಪೆಟ್ಟಿಗೆಯ ಮುಂದೆ ನಿಂತು, ಬಣ್ಣವಿಲ್ಲದ ಎಳೆ ಒಂದೇ ಸಮ ಹರಿಯುವುದನ್ನು ನೋಡುವಾಗ ನನಗೆ ಬೇಕಾಗಿದ್ದು ಒಂದೇ: ಇದರ ರುಚಿ.

ಗೈಡ್ ಕೊಟ್ಟರು. ಮೊದಲು ಅಂಗೈಗೆ ನಾಲ್ಕು ಹನಿ ಹಾಕಿ, ಎರಡೂ ಕೈ ಉಜ್ಜಿ ಎಂದರು. ಒಂದು ಕ್ಷಣ ತಣ್ಣಗಾಯಿತು, ಆಲ್ಕೋಹಾಲ್ ಹಾರಿಹೋಯಿತು. ಅಂಗೈ ಮೂಗಿಗೆ ಹಿಡಿದರೆ ಉಳಿದಿದ್ದು ಬಾರ್ಲಿಯ ವಾಸನೆ, ಆಗಷ್ಟೇ ಬೀಸಿದ ಹಿಟ್ಟಿನದು. ಆಮೇಲೆ ಗ್ಲಾಸಿನಲ್ಲಿ ಚೂರು, ಧಾರಾಳ ನೀರು ಬೆರೆಸಿ. ಸುಮಾರು ಶೇ. 70ರ ಸ್ಪಿರಿಟ್ ಅದು, ಹಾಗೇ ಕುಡಿಯುವಂಥದ್ದಲ್ಲ. ಬಾಯಿಗಿಟ್ಟರೆ ಪಿಯರ್ ಹಣ್ಣು, ಹಸಿ ಧಾನ್ಯ, ಹಿಂದೆ ಒಂದಿಷ್ಟು ಮೆಣಸು. ಕಚ್ಚಾ ಇದೆ, ನಿಜ. ಆದರೆ ಅದಕ್ಕೊಂದು ಸ್ವಂತ ಗುಣವಿದೆ.

ಗೋದಾಮಿನ ಬಗ್ಗೆ ಬರೆಯದೆ ಇರಲಾರೆ. ಹಳೆಯ ಥರದ್ದಕ್ಕೆ ಡನೇಜ್ ಅನ್ನುತ್ತಾರೆ. ಕಲ್ಲಿನ ಗೋಡೆ, ಮಣ್ಣಿನ ನೆಲ, ಮೂರು ಸಾಲು ಎತ್ತರಕ್ಕೆ ಪೇರಿಸಿದ ಪೀಪಾಯಿಗಳು. ಹೊರಗಿನ ಗೋಡೆ, ಮರದ ಕಾಂಡ ಎಲ್ಲ ಮಸಿ ಬಳಿದಂತೆ ಕಪ್ಪು. ಪೀಪಾಯಿಯಿಂದ ಆರಿಹೋಗುವ ಆಲ್ಕೋಹಾಲ್ ಆವಿ ತಿಂದು ಬೆಳೆಯುವ ಒಂದು ಶಿಲೀಂಧ್ರ ಅದು. ಆರಿಹೋಗುವ ಪಾಲಿಗೆ ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಸುಮಾರು ಶೇ. 2. 18 ವರ್ಷಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಗಾಳಿಗೇ ಹೋಯಿತು. ಹಳೆಯ ವಿಸ್ಕಿ ದುಬಾರಿಯಾಗಲು ಇದೂ ಒಂದು ಕಾರಣ.

ಅಲ್ಲಿನ ಕಾನೂನಿನ ಪ್ರಕಾರ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡದೆ ಸ್ಕಾಚ್ ಅನ್ನುವ ಹಾಗಿಲ್ಲ. ಪೀಪಾಯಿ 700 ಲೀಟರ್ ಮೀರಬಾರದು. ಅಮೆರಿಕದಲ್ಲಿ ಬೂರ್ಬನ್ ಎಂಬ ಅಲ್ಲಿನ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಅವರು ಬಳಸಿ ಬಿಟ್ಟ ಪೀಪಾಯಿಗಳು ಸಮುದ್ರ ದಾಟಿ ಸ್ಕಾಟ್ಲೆಂಡಿಗೆ ಬರುತ್ತವೆ. ಶೆರಿ ವೈನ್ ಇದ್ದ ಪೀಪಾಯಿಗಳು ಸ್ಪೇನಿನಿಂದ ಬರುತ್ತವೆ. ವಿಸ್ಕಿಗೆ ಬಣ್ಣ ಬರುವುದು ಈ ಮರದಿಂದ. ಆದರೆ ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲೇ ಅವಕಾಶವಿದೆ. ಗಾಢ ಬಣ್ಣ ನೋಡಿ ಒಳ್ಳೆಯದು ಅಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಈಗ ರುಚಿಯ ಮೇಜಿಗೆ ಬರೋಣ. ಬೂರ್ಬನ್ ಪೀಪಾಯಿಯಲ್ಲಿದ್ದ 12 ವರ್ಷದ್ದು ಒಂದು, ಶೆರಿ ಪೀಪಾಯಿಯಲ್ಲಿದ್ದ 18 ವರ್ಷದ್ದು ಇನ್ನೊಂದು. ನ್ಯೂ ಮೇಕ್ ಕುಡಿದಿದ್ದರಿಂದ ನನಗೆ ಹಿಡಿದುಕೊಳ್ಳಲು ಒಂದು ಎಳೆ ಸಿಕ್ಕಿತ್ತು. 12ರಲ್ಲಿ ವೆನಿಲ್ಲಾ ಇತ್ತು, ಜೇನಿನಂಥ ಸಿಹಿ ಇತ್ತು, ಅದರ ಅಡಿಯಲ್ಲಿ ಅದೇ ಪಿಯರ್ ಇನ್ನೂ ಇತ್ತು. ಖಾರ ಮಾತ್ರ ಇಳಿದಿತ್ತು. 18ರಲ್ಲಿ ಒಣದ್ರಾಕ್ಷಿ, ಲವಂಗ, ಕೊನೆಯಲ್ಲಿ ಮರದ ಒಗರು. ಪಿಯರ್ ಹುಡುಕಿದೆ, ಸಿಗಲಿಲ್ಲ. ಅಷ್ಟು ಕಷ್ಟಪಟ್ಟು ಹುದುಗಿಸಿ, ಅಳೆದು ಹಿಡಿದ ಸ್ಪಿರಿಟನ್ನು ಮರ ನುಂಗಿತ್ತು. ಮೇಜಿನ ಸುತ್ತ ಇದ್ದವರೆಲ್ಲ 18ಕ್ಕೇ ತಲೆದೂಗಿದರು. ನನ್ನ ಮನಸ್ಸು 12ರ ಮೇಲೆಯೇ ನಿಂತಿತು.

ವಯಸ್ಸು ಜಾಸ್ತಿ ಅಂದರೆ ಗುಣ ಜಾಸ್ತಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಾಟಲಿಯ ಮೇಲಿನ ಸಂಖ್ಯೆ ಅದರೊಳಗೆ ಸೇರಿರುವ ಅತಿ ಎಳೆಯ ವಿಸ್ಕಿಯ ವಯಸ್ಸು, ಅಷ್ಟೇ. ಪೀಪಾಯಿ ಎಂಥದ್ದು, ಎಷ್ಟನೇ ಸಲ ಬಳಸಿದ್ದು, ಸ್ಪಿರಿಟ್ ಹಗುರವೋ ಮಂದವೋ, ಇದ್ಯಾವುದನ್ನೂ ಆ ಸಂಖ್ಯೆ ಹೇಳುವುದಿಲ್ಲ. ಮಂದ ಸ್ಪಿರಿಟ್ 18 ವರ್ಷದ ಮರವನ್ನು ತಡೆದುಕೊಂಡೀತು. ಹಗುರದ್ದು ಕಷ್ಟ. ನಿಮ್ಮ ನಾಲಿಗೆಗೆ 18ರದ್ದೇ ಇಷ್ಟವಾದರೆ ಖುಷಿಯಾಗಿ ಕುಡಿಯಿರಿ. ಏನು ಇಷ್ಟವಾಯಿತು ಅನ್ನುವುದು ಗೊತ್ತಿರಲಿ ಅಂತಷ್ಟೇ ನಾನು ಹೇಳುವುದು.

ನೀರಿನ ವಿಷಯಕ್ಕೂ ಇದೇ ಮಾತು. ನೀರು ಹಾಕಿದರೆ ವಿಸ್ಕಿ ಕೆಟ್ಟಿತು ಅಂತ ಮುಖ ಸಿಂಡರಿಸುವವರಿದ್ದಾರೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರ್ ಮಾದರಿ ಮಾಡಿ ಇದನ್ನು ನೋಡಿದರು. ಸ್ಕಾಚ್‌ಗೆ ಹೊಗೆಯ ರುಚಿ ಕೊಡುವ ಗ್ವಾಯಕಾಲ್ ಎಂಬ ವಸ್ತು, ಆಲ್ಕೋಹಾಲ್ ಶೇ. 45ರಷ್ಟು ಅಥವಾ ಕಡಿಮೆ ಇದ್ದಾಗ ಮೇಲ್ಮೈಗೆ ಬಂದು ನಿಲ್ಲುತ್ತದೆ. ಆಲ್ಕೋಹಾಲ್ ಶೇ. 59 ದಾಟಿದಾಗ ಒಳಕ್ಕೆ ಇಳಿಯುತ್ತದೆ. ಮೇಲೆ ಇದ್ದರೆ ತಾನೇ ಮೂಗಿಗೆ ಸಿಗುವುದು. ಹಾಗಾಗಿ ಮೊದಲು ಹಾಗೇ ಮೂಸಿ, ಆಮೇಲೆ ಕೆಲವು ಹನಿ ನೀರು ಹಾಕಿ ಮತ್ತೆ ಮೂಸಿ. ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ, ಬಾಯಿ ಸ್ವಲ್ಪ ತೆರೆದಿರಲಿ. ಇಲ್ಲದಿದ್ದರೆ ಆಲ್ಕೋಹಾಲ್ ಉರಿ ಬಿಟ್ಟು ಬೇರೇನೂ ಸಿಗುವುದಿಲ್ಲ.

ಡಿಸ್ಟಿಲರಿಯವರಿಗೂ ನನ್ನದೊಂದು ಬೇಡಿಕೆ ಇದೆ. ನ್ಯೂ ಮೇಕನ್ನು ದುಬಾರಿ ಟೂರ್‌ಗಳಿಗೆ ಅಂತ ಎತ್ತಿಡಬೇಡಿ. ಕಡಿಮೆ ದರದ ಟೂರ್‌ನಲ್ಲೂ ಮೊದಲ ಗ್ಲಾಸ್ ಅದೇ ಆಗಿರಲಿ, ಒಂದು ಚಮಚದಷ್ಟಾದರೂ ಸಾಕು. ಹೋಗುವವರು ಬುಕ್ ಮಾಡುವಾಗಲೇ ಕೇಳಿಬಿಡಿ. ಬೆಳಿಗ್ಗೆಯ ಹೊತ್ತನ್ನೇ ಆರಿಸಿ, ಮೂಗು ಚುರುಕಾಗಿರುತ್ತದೆ. ಕಾರು ಓಡಿಸುವವರು ಅಲ್ಲಿ ಕುಡಿಯಲೇಬೇಡಿ. 2014ರಿಂದ ಸ್ಕಾಟ್ಲೆಂಡಿನ ಮಿತಿ ಇಂಗ್ಲೆಂಡಿನದಕ್ಕಿಂತ ಬಿಗಿ: 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ. ನಿಮ್ಮ ಪಾಲನ್ನು ಪುಟ್ಟ ಬಾಟಲಿಗೆ ಹಾಕಿಕೊಡುವ ರೂಢಿ ಅಲ್ಲಿ ಅನೇಕ ಕಡೆ ಇದೆ. ಆ ಬಾಟಲಿಗಳಲ್ಲಿ ನ್ಯೂ ಮೇಕ್‌ನದ್ದೂ ಒಂದಿರಲಿ ಅಂತ ಹೇಳಿ.