ಅಪ್ಪನ ಲ್ಯಾಪ್‌ಟಾಪ್ ಹಳೆಯದಾಯಿತು ಅಂತ ಹೇಳಬೇಕಾದವರು ಯಾರು?

2025ರ ದಸರಾ ರಜೆಗೆ ಊರಿಗೆ ಹೋಗಿದ್ದೆ. ಕೈಕಾಲು ತೊಳೆದು ಕಾಫಿ ಲೋಟ ಹಿಡಿದು ಕೂತಿದ್ದೆ ಅಷ್ಟೇ, ಅಪ್ಪ ಲ್ಯಾಪ್‌ಟಾಪ್ ತಂದು ಎದುರಿಗಿಟ್ಟರು. "ಎಂತದೋ ಇಂಗ್ಲಿಷಲ್ಲಿ ಬರ್ತಾ ಇದೆ ನೋಡು ಮಾರಾಯ. ಇದರ ಕಥೆ ಮುಗೀತು ಅಂತನಾ?"

ಅಕ್ಟೋಬರ್ 14ರ ನಂತರ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಬರುವುದಿಲ್ಲ ಎಂಬ ಸೂಚನೆ ಅದು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಈ ಯಂತ್ರ ಅದರ ಪಟ್ಟಿಯಲ್ಲಿಲ್ಲ. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಅಪ್ಪ ಇದನ್ನು 2016ರಲ್ಲಿ ನಿವೃತ್ತರಾದಾಗ ಕೊಂಡಿದ್ದು. ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ಕೀಬೋರ್ಡ್ ಚೆನ್ನಾಗಿದೆ, ಪರದೆಯಲ್ಲಿ ಒಂದು ಗೀರಿಲ್ಲ. ಸಂಜೆ ಹೊತ್ತು ಊರಿನ ಹಳೇ ಸಂಗತಿಗಳನ್ನು ಟೈಪ್ ಮಾಡುತ್ತಾ ಕೂರುತ್ತಾರೆ. ಬೆಳಿಗ್ಗೆ ಪೇಪರ್ ಓದುತ್ತಾರೆ. ಭಾನುವಾರ ಮೊಮ್ಮಗಳ ಜೊತೆ ವಿಡಿಯೋ ಕಾಲ್. ಇಷ್ಟಕ್ಕೆ ಹೊಸ ಲ್ಯಾಪ್‌ಟಾಪ್ ಯಾಕೆ ಬೇಕು?

ಮೈಕ್ರೋಸಾಫ್ಟನ್ನು ಸುಮ್ನೆ ಬೈಯೋಕೆ ನಾನು ಇದನ್ನು ಬರೆಯುತ್ತಿಲ್ಲ. ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. ಒಂದು ಆವೃತ್ತಿಯನ್ನು ಹತ್ತು ವರ್ಷ ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ, ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನೂ ಕೊಟ್ಟಿದ್ದಾರೆ. ಆದರೆ ಒಂದು ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ದುಡ್ಡು ಕೊಟ್ಟವರು ಅಪ್ಪ. ದಿನಾ ಬಳಸುವವರು ಅಪ್ಪ. ಅದರ ಕಾಲ ಮುಗಿಯಿತು ಎಂದು ತೀರ್ಮಾನ ಮಾಡುವವರು ಮಾತ್ರ ಬೇರೆ ಯಾರೋ. ಅಪ್ಪನ ಸೈಕಲ್ಲಿಗೆ ನಲವತ್ತು ವರ್ಷ. ಟೈರ್, ಚೈನ್, ಬ್ರೇಕ್ ಎಲ್ಲ ಬದಲಾಗಿದೆ, ಸೈಕಲ್ ಓಡುತ್ತಿದೆ. ಅದನ್ನು ಯಾವಾಗ ಮೂಲೆಗಿಡಬೇಕು ಅಂತ ಕಂಪನಿ ಬಂದು ಹೇಳಿಲ್ಲ.

ಮರುದಿನ ಒಂದು ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ ಹಾಕಿದೆ. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ಸಿಸ್ಟಮ್ಮಿನ ಒಂದು ಬಗೆ ಅದು, ದುಡ್ಡು ಕೊಡಬೇಕಿಲ್ಲ. 3 ಜಿಬಿಗೂ ಸ್ವಲ್ಪ ಕಡಿಮೆ ಗಾತ್ರದ ಫೈಲು. ಇನ್‌ಸ್ಟಾಲ್ ಮಾಡುವ ಮುಂಚೆಯೇ ಪೆನ್‌ಡ್ರೈವಿನಿಂದಲೇ ಅದನ್ನು ಓಡಿಸಿ ನೋಡಬಹುದು. ವೈಫೈ ಹಿಡಿಯುತ್ತಾ, ಸೌಂಡ್ ಬರುತ್ತಾ, ಕ್ಯಾಮೆರಾ ಕೆಲಸ ಮಾಡುತ್ತಾ ಎಲ್ಲ ನೋಡಿ, ಬೇಡ ಅನ್ನಿಸಿದರೆ ಪೆನ್‌ಡ್ರೈವ್ ಕಿತ್ತರಾಯಿತು. ಒಳಗಿನ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಎಲ್ಲ ಸರಿಯಿತ್ತು. ಅಪ್ಪನ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ಹಳೇ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿ, ಮಿಂಟ್ ಇನ್‌ಸ್ಟಾಲ್ ಮಾಡಿದೆ. ಈಗ ಲ್ಯಾಪ್‌ಟಾಪ್ ಸಲೀಸಾಗಿ ಓಡುತ್ತಿದೆ. ಆ ವೇಗದಲ್ಲಿ ದೊಡ್ಡ ಪಾಲು ಎಸ್‌ಎಸ್‌ಡಿಯದ್ದು, ಎಲ್ಲವನ್ನೂ ಲಿನಕ್ಸ್ ಲೆಕ್ಕಕ್ಕೆ ಬರೆದರೆ ತಪ್ಪಾಗುತ್ತದೆ.

ಅಪ್ಪನಿಗಿದ್ದ ಭಯ ಒಂದೇ. "ಕನ್ನಡ ಹೇಗೆ ಟೈಪ್ ಮಾಡೋದು?"

ಅವರ ಬೆರಳು ಪಳಗಿರುವುದು ನುಡಿ ಕೀಲಿಮಣೆಯಲ್ಲಿ. ಮೂಲದಲ್ಲಿ ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ಅದು. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ 'ಕನ್ನಡ, ಕಗಪ' ಅಂತ ಅದು ಮೊದಲೇ ಇದೆ. ಬೇರೆ ಏನನ್ನೂ ಹಾಕಬೇಕಿಲ್ಲ. ಆರಿಸಿ ಕೊಟ್ಟೆ. ಅಪ್ಪ ಅನುಮಾನದಿಂದಲೇ ಎರಡು ಬೆರಳು ಇಟ್ಟರು. ಎ, ಕೆ, ಎಫ್, ಕೆ. ಪರದೆ ಮೇಲೆ 'ಅಕ್ಕ' ಅಂತ ಬಂತು. ಎಫ್ ಒತ್ತಿದರೆ ಒತ್ತಕ್ಷರ, ಅವರು ಇಷ್ಟು ವರ್ಷ ಒತ್ತಿದ ಹಾಗೇ. ಕನ್ನಡಕ ಮೇಲೆತ್ತಿ ಇನ್ನೊಮ್ಮೆ ನೋಡಿದರು. ಆಮೇಲೆ ಅರ್ಧ ಗಂಟೆ ನನ್ನ ಕಡೆ ತಿರುಗಲಿಲ್ಲ.

ಆ ಪಟ್ಟಿಯಲ್ಲಿ ಕಗಪ ತಾನಾಗಿ ಬಂದು ಕೂತಿಲ್ಲ. ನಮಗೆ ಇದು ಬೇಕು ಅಂತ ಯಾರೋ ಕೂತು ಮಾಡಿ ಸೇರಿಸಿದ್ದಾರೆ. ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್‌ಗಳಿವೆ, ಕನ್ನಡದವರೇ ಮಾಡಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದು. ಮೆನುಗಳಲ್ಲಿ ಕಾಣುವ ಕನ್ನಡವನ್ನು ಒಂದೊಂದೇ ಸಾಲಾಗಿ ಅನುವಾದ ಮಾಡಿದವರಿದ್ದಾರೆ. ಕನ್ನಡಕ್ಕೆ ಎಷ್ಟು ಮಾರುಕಟ್ಟೆ ಇದೆ ಎಂದು ಇವರು ಯಾರನ್ನೂ ಕೇಳಬೇಕಾಗಲಿಲ್ಲ. ವಿಂಡೋಸ್‌ನಲ್ಲೂ ಕನ್ನಡ ಇದೆ. ಎಕ್ಸ್‌ಪಿ ಕಾಲದಿಂದ ತುಂಗಾ ಫಾಂಟ್ ನಾವೆಲ್ಲ ಬಳಸಿದ್ದೇವೆ. ಆದರೆ ಅಲ್ಲಿ ಒಂದು ಅಕ್ಷರ ಸರಿಯಾಗಿ ಮೂಡದಿದ್ದರೆ ನಾವು ದೂರು ಬರೆದು ಕಾಯಬಹುದು ಅಷ್ಟೇ. ಇಲ್ಲಿ ಗೊತ್ತಿದ್ದವರು ಕೈ ಹಾಕಿ ಸರಿ ಮಾಡಿ ಕಳಿಸಬಹುದು.

ಇಂಥ ಸಾಫ್ಟ್‌ವೇರಿಗೆ ಇಟ್ಟ 'ಫ್ರೀ' ಎಂಬ ಒಂದೇ ಪದದಿಂದ ಇಂಗ್ಲಿಷಿನವರಿಗೆ ತಲೆನೋವು. ನಮಗೆ ಆ ಗೊಂದಲ ಇಲ್ಲ. ಬಿಟ್ಟಿ ಅನ್ನುವ ಮಾತು ಬೇರೆ, ಸ್ವತಂತ್ರ ಅನ್ನುವ ಮಾತು ಬೇರೆ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಇಂಥದ್ದೊಂದು ಸ್ವತಂತ್ರ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಪ್ರಕಟಿಸಿದಾಗ ಕೇಳಿದ್ದು ಎರಡನೆಯದನ್ನು. ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತನ್ನ ಕರ್ನೆಲ್, ಅಂದರೆ ಸಿಸ್ಟಮ್ಮಿನ ತಿರುಳನ್ನು, ಬರೆದು ಹಂಚಿದ. ಮುಂದಿನ ವರ್ಷ ಅದನ್ನು ಗ್ನೂ ಪರವಾನಗಿಯಡಿ ತಂದ. ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದು ಅದೇ ಕರ್ನೆಲ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲವೂ ಲಿನಕ್ಸ್.

ನಮ್ಮ ಊರುಗಳಲ್ಲಿ ಬಿಟ್ಟಿ ಎಂದರೆ ಲಿನಕ್ಸ್ ಯಾರಿಗೂ ನೆನಪಾಗುವುದಿಲ್ಲ, ಕದ್ದ ವಿಂಡೋಸ್ ನೆನಪಾಗುತ್ತದೆ. ನಾನೂ ಕಾಲೇಜಿನಲ್ಲಿದ್ದಾಗ ಒಂದು ಅಂಗಡಿಯಲ್ಲಿ 300 ರೂಪಾಯಿ ಕೊಟ್ಟು ಹಾಕಿಸಿದ್ದೆ. "ಅಪ್‌ಡೇಟ್ ಆಫ್ ಮಾಡಿದೀನಿ, ಆನ್ ಮಾಡ್ಬೇಡಿ" ಅಂದಿದ್ದರು. ಆಗ ಅರ್ಥವಾಗಿರಲಿಲ್ಲ. 2017ರ ಮೇನಲ್ಲಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ವೈರಸ್ ಬಂದಾಗ ಅರ್ಥವಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆ, ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ದುಡ್ಡು ಕೊಟ್ಟು ವಿಂಡೋಸ್ ಕೊಳ್ಳಲು ಆಗದವರಿಗೆ ಕದಿಯುವುದೊಂದೇ ದಾರಿ ಎಂದು ನಾವು ಯಾಕೆ ಅಂದುಕೊಂಡಿದ್ದೇವೆ? ಇದು ನನಗೆ ನಿಜವಾಗಿ ಬೇಸರ ತರುವ ವಿಷಯ.

"ಕೋಡ್ ಎಲ್ಲರಿಗೂ ಕಾಣುತ್ತೆ ಅಂದ್ರೆ ಕಳ್ಳನಿಗೂ ಕಾಣುತ್ತೆ ಅಲ್ವಾ?" ಅಂತ ಒಬ್ಬ ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ಅವನಿಗೆ ನಾನು ಹೇಳಿದ್ದು 2024ರ ಮಾರ್ಚಿನ ಕಥೆ. ಎಕ್ಸ್‌ಝೆಡ್ ಎಂಬ ಒಂದು ಪುಟ್ಟ ಪ್ರೋಗ್ರಾಂ. ಫೈಲುಗಳನ್ನು ಕುಗ್ಗಿಸಿ ಕಟ್ಟುವುದು ಅದರ ಕೆಲಸ. ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ. ದಣಿದಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸವನ್ನೇ ಮಾಡಿಕೊಡುತ್ತಾ ನಂಬಿಕೆ ಗಳಿಸಿದರು. ಆಮೇಲೆ ಪರೀಕ್ಷೆಗೆಂದು ಇಟ್ಟ ಫೈಲುಗಳೊಳಗೆ ಕಳ್ಳಬಾಗಿಲು ಬಚ್ಚಿಟ್ಟರು. ಅದು ಎಲ್ಲ ಕಡೆ ಹರಡಿದ್ದರೆ ಲೆಕ್ಕವಿಲ್ಲದಷ್ಟು ಸರ್ವರುಗಳ ಬೀಗದಕೈ ಅವರ ಕೈಯಲ್ಲಿ ಇರುತ್ತಿತ್ತು.

ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಬೇರೆ ಏನೋ ಪರೀಕ್ಷೆ ಮಾಡುತ್ತಿದ್ದರು. ಲಾಗಿನ್ ಆಗಲು ಮಾಮೂಲಿಗಿಂತ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಅರ್ಧ ಸೆಕೆಂಡ್! ನಾನಾಗಿದ್ದರೆ ಇಂಟರ್ನೆಟ್ ನಿಧಾನ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಅವರು ಬಿಡಲಿಲ್ಲ. ಒಂದೊಂದೇ ಪದರ ಬಿಚ್ಚುತ್ತಾ ಹೋಗಿ ಎಕ್ಸ್‌ಝೆಡ್‌ವರೆಗೆ ತಲುಪಿದರು. ಮಾರ್ಚ್ 29ರಂದು ಜಗತ್ತಿಗೇ ಹೇಳಿದರು. ಎಲ್ಲ ಬಿಚ್ಚಿಟ್ಟ ಕೋಡ್ ಆಗಿದ್ದರಿಂದಲೇ ಹೊರಗಿನವರೊಬ್ಬರು ತಳದವರೆಗೆ ಇಳಿದು ಹುಡುಕಲು ಆಯಿತು. ಅವರಿಗೆ ಸಂಬಳ ಕೊಡುತ್ತಿದ್ದ ಕಂಪನಿ ಮೈಕ್ರೋಸಾಫ್ಟ್. ನಾವು ಇಲ್ಲಿ ಲಿನಕ್ಸಾ ವಿಂಡೋಸಾ ಅಂತ ಜಗಳವಾಡುತ್ತೇವೆ, ಅಲ್ಲಿ ಅವರು ಒಟ್ಟಿಗೇ ಕೆಲಸ ಮಾಡುತ್ತಿರುತ್ತಾರೆ.

ಆದರೆ ಆ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ದಣಿದ ಆ ಒಬ್ಬ ಮನುಷ್ಯ. ಅಷ್ಟೊಂದು ಜನ ಬಳಸುವ ವಸ್ತುವಿಗೆ ಒಬ್ಬನೇ ಕಾವಲುಗಾರ. ನಾವು ಯಾರೂ ಅವರಿಗೆ ಒಂದು ಕಾಫಿ ಕುಡಿಸಿಲ್ಲ. ಅಪ್ಪನ ಲ್ಯಾಪ್‌ಟಾಪ್ ಸರಿಯಾದ ಮೇಲೆ ಮಿಂಟ್ ತಂಡಕ್ಕೆ ನನ್ನ ಕೈಲಾದಷ್ಟು ಕಳಿಸಿದೆ. ಹೊಸ ಲ್ಯಾಪ್‌ಟಾಪಿಗೆ ಕೊಡಬೇಕಿದ್ದುದರ ಮುಂದೆ ಅದು ಏನೇನೂ ಅಲ್ಲ.

ಇನ್ನು, ಯಾರು ಲಿನಕ್ಸ್‌ಗೆ ಬರಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಡಿಟಿಪಿ ಅಂಗಡಿ ಇಟ್ಟವರು ಬೇಡ. ಪೇಜ್‌ಮೇಕರ್, ಫೋಟೋಶಾಪ್, ಕೋರಲ್ ಡ್ರಾ ನಂಬಿ ಬದುಕುವವರಿಗೆ ಇಲ್ಲಿ ಸುಖವಿಲ್ಲ. ಇಪ್ಪತ್ತು ವರ್ಷ ಹಳೆಯ ಪೇಜ್‌ಮೇಕರನ್ನು ಇವತ್ತಿಗೂ ಓಡಿಸುತ್ತದಲ್ಲ, ಅದು ವಿಂಡೋಸಿನ ದೊಡ್ಡ ಗುಣ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರೂ ಅವಸರ ಮಾಡಬೇಡಿ. ಪ್ರಿಂಟರ್ ವಿಷಯದಲ್ಲಿ ಮೊದಲೇ ವಿಚಾರಿಸಿ. ಹೊಸ ಪ್ರಿಂಟರುಗಳು ಬಹಳಷ್ಟು ತಾವಾಗಿಯೇ ಸಿಗುತ್ತವೆ. ನಮ್ಮ ಮನೆಯ ಹಳೇ ಲೇಸರ್ ಪ್ರಿಂಟರ್ ಎರಡು ರಾತ್ರಿ ಕೂತರೂ ಮಾತು ಕೇಳಲಿಲ್ಲ. ಅಪ್ಪ ಈಗ ಪಿಡಿಎಫ್ ಮಾಡಿ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸುತ್ತಾರೆ. ಜರ್ಮನಿಯ ಮ್ಯೂನಿಕ್ ನಗರ ಆಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗುವ ತೀರ್ಮಾನ ಮಾಡಿ, ಸುಮಾರು 15,000 ಕಂಪ್ಯೂಟರುಗಳನ್ನು ಬದಲಾಯಿಸಿ, 2017ರಲ್ಲಿ ವಿಂಡೋಸ್‌ಗೆ ವಾಪಸ್ ಹೋಗಲು ಮತ ಹಾಕಿತು. ಇಂಥ ಬದಲಾವಣೆ ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಪ್ಪನಿಗೂ ಒಂದು ಪೆಟ್ಟು ಬಿತ್ತು. ಅವರ 2016, 2017ರ ಬರಹಗಳೆಲ್ಲ ಹಳೇ ನುಡಿ ಫಾಂಟಿನಲ್ಲಿದ್ದವು. ತೆರೆದರೆ 'ಕನ್ನಡ' ಎನ್ನುವ ಕಡೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ. ಅಪ್ಪನ ಮುಖ ಸಣ್ಣಗಾಯಿತು. ಇದು ಲಿನಕ್ಸಿನ ತಪ್ಪಲ್ಲ, ಆ ಫಾಂಟ್ ಇಲ್ಲದ ವಿಂಡೋಸಿನಲ್ಲೂ ಹೀಗೇ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಕಾಲದ ಬರಹ ಅದು. ಅಂತರ್ಜಾಲದಲ್ಲಿ ಮುಕ್ತವಾಗಿ ಸಿಗುವ ಪರಿವರ್ತಕದಲ್ಲಿ ಹಾಕಿ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಿಕೊಟ್ಟೆ. ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿತ್ತು. ಅಪ್ಪ ಒಂದೊಂದೇ ಪುಟ ತಿದ್ದುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಇಂಥ ಫೈಲುಗಳಿದ್ದರೆ, ಯಾವ ಸಿಸ್ಟಮ್ ಬಳಸುವವರಾದರೂ ಸರಿ, ಈ ಕೆಲಸ ಮಾತ್ರ ಈಗಲೇ ಮಾಡಿಕೊಳ್ಳಿ.

ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳು ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್ ಆಧರಿಸಿ ಅಲ್ಲಿನ ಸರ್ಕಾರದ ಸಂಸ್ಥೆಯೇ ಕಟ್ಟಿದ ಸಿಸ್ಟಮ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅಷ್ಟೇ. ಗಡಿಯ ಆಚೆ ಕನ್ನಡದ ಮಕ್ಕಳಿಗೆ ಆಗಿದ್ದು ಈಚೆ ನಮ್ಮ ಶಾಲೆಗಳಲ್ಲಿ ಯಾಕೆ ಆಗಬಾರದು? ವಿಂಡೋಸ್ 11 ಹಿಡಿಸದ ಕಂಪ್ಯೂಟರುಗಳು ಈಗ ಕಚೇರಿಗಳಿಂದ ಹೊರಬೀಳುತ್ತಿವೆ. ಗುಜರಿಗೆ ಹೋಗುವ ಮುಂಚೆ ಒಂದು ಶಾಲೆಯ ಬಾಗಿಲು ತಟ್ಟಿ ನೋಡಿ, ದಯವಿಟ್ಟು.

ಮಿಂಟ್ ಹಾಕಿದ ಪೆನ್‌ಡ್ರೈವ್ ನನ್ನ ಬ್ಯಾಗಿನಲ್ಲೇ ಇದೆ. ಮುಂದಿನ ತಿಂಗಳು ಮತ್ತೆ ಊರಿಗೆ ಹೋಗುತ್ತೇನೆ. ಅಪ್ಪನ ಜೊತೆ ವಾಕಿಂಗ್ ಹೋಗುವ ಮೂವರು ನಿವೃತ್ತ ಮೇಷ್ಟರು ಆಗಲೇ ತಮ್ಮ ಲ್ಯಾಪ್‌ಟಾಪ್ ಒರೆಸಿ ಇಟ್ಟಿದ್ದಾರಂತೆ. ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಫೈಲುಗಳನ್ನು ಕಾಪಿ ಮಾಡಿಟ್ಟುಕೊಂಡು ಭಾನುವಾರ ಮನೆಗೆ ಬನ್ನಿ. ಮಧ್ಯಾಹ್ನದವರೆಗೆ ನಾನು ಅಲ್ಲೇ ಇರುತ್ತೇನೆ.