ಟೋಕಿಯೊದಲ್ಲಿ ಮನೆ ಹುಡುಕುವವರು ಮೊದಲು ಸಂಜೆ ಏಳರ ಬೀದಿ ನೋಡಿ

ಕೆಲಸದ ಮೇಲೆ ಟೋಕಿಯೊಗೆ ಹೊರಟವರು ಬೆಂಗಳೂರಿನಲ್ಲಿ ಕೂತೇ ಮನೆ ಹುಡುಕಲು ಶುರು ಮಾಡುತ್ತಾರೆ. ಬಾಡಿಗೆ ಎಷ್ಟು, ಆಫೀಸಿಗೆ ಎಷ್ಟು ನಿಮಿಷ ಅಂತ ಕೇಳುತ್ತಾರೆ. ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: "ನಿಶಿಕಸಾಯ್‌ಗೆ ಹೋಗಿ, ಅಲ್ಲಿ ನಮ್ಮವರಿದ್ದಾರೆ." ನಾನು ಹೇಳುವುದು ಬೇರೆ. ಬಾಡಿಗೆಗಿಂತ ಮೊದಲು ಸ್ಟೇಷನ್ನಿನಿಂದ ಮನೆಗೆ ನಡೆಯುವ ಬೀದಿಯನ್ನು ನೋಡಿ, ಅದೂ ವಾರದ ನಡುವೆ, ಸಂಜೆ ಏಳರ ಮೇಲೆ. ಭಾಷೆ ಬಾರದ ಊರಿನಲ್ಲಿ ಎರಡು ಮೂರು ವರ್ಷ ಬಾಳಬೇಕಾದವರನ್ನು ಕಾಪಾಡುವುದು ಆ ಬೀದಿಯೇ.

ಟೋಕಿಯೊದ ಹಳೆಯ ವಸತಿ ಏರಿಯಾಗಳ ಜೀವ ಇರುವುದು ಶೋತೆಂಗೈ ಎಂಬ ಅಂಗಡಿ ಬೀದಿಯಲ್ಲಿ. ಶಿನಗವಾ ವಾರ್ಡಿನ ತೊಗೊಶಿ ಗಿಂಜಾ ಸುಮಾರು 1.3 ಕಿಲೋಮೀಟರ್ ಉದ್ದ. ಗೊತಂದಾದಿಂದ ರೈಲಿನಲ್ಲಿ ಎರಡೇ ನಿಲ್ದಾಣ. ತರಕಾರಿ ಅಂಗಡಿಯವರು ಟೊಮ್ಯಾಟೊ, ಬದನೆಕಾಯಿಯನ್ನು ಸಣ್ಣ ಬುಟ್ಟಿಗಳಲ್ಲಿ ಹರಡಿ, ಬುಟ್ಟಿಗಿಷ್ಟು ಎಂದು ರಟ್ಟಿನ ಮೇಲೆ ಬರೆದಿಟ್ಟಿರುತ್ತಾರೆ. ಪಕ್ಕದಲ್ಲಿ ತೋಫು ಅಂಗಡಿ, ಅದರಾಚೆ ಔಷಧಿ ಅಂಗಡಿ, ಮೇಲಂತಸ್ತಿನಲ್ಲಿ ಹಲ್ಲಿನ ಡಾಕ್ಟರು. ಸೂಪರ್ ಮಾರ್ಕೆಟ್ಟಿನಲ್ಲಿ ರಾತ್ರಿಯಾಗುತ್ತಿದ್ದಂತೆ ತಯಾರಿ ಊಟದ ಡಬ್ಬಿಗಳಿಗೆ ಅರ್ಧ ಬೆಲೆಯ ಸ್ಟಿಕ್ಕರ್ ಬೀಳುತ್ತದೆ. ಒಂದೇ ಅಂಗಡಿಗೆ ದಿನವೂ ಹೋಗುತ್ತಿದ್ದರೆ ತಿಂಗಳೊಳಗೆ ಮುಖಪರಿಚಯವಾಗುತ್ತದೆ, ನಾಲ್ಕು ಮಾತು ಜಪಾನಿ ತಾನಾಗಿ ಬರುತ್ತದೆ. ಕಂಪನಿ ಕೊಡಿಸುವ ಭಾಷಾ ತರಗತಿಗಿಂತ ನನಗೆ ಇದರ ಮೇಲೆ ಹೆಚ್ಚು ನಂಬಿಕೆ.

ಗದ್ದಲವೆಲ್ಲ ಲವಲವಿಕೆ ಅಲ್ಲ. ಸ್ಟೇಷನ್ ಎದುರು ಬರೀ ಪಚಿಂಕೊ ಎಂಬ ಜೂಜಿನ ಯಂತ್ರದ ಅಂಗಡಿಗಳು ಮತ್ತು ಇಜಕಾಯಾ ಎಂಬ ಕುಡಿಯುವ ಮಳಿಗೆಗಳಿದ್ದರೆ ರಾತ್ರಿ ಹನ್ನೆರಡರ ಕೊನೆಯ ರೈಲಿನವರೆಗೂ ಗಲಾಟೆ, ಬೆಳಿಗ್ಗೆ ಎದ್ದರೆ ಹಾಲಿನ ಅಂಗಡಿಯೂ ಇರುವುದಿಲ್ಲ. ಹೊಸ ಗಗನಚುಂಬಿಗಳ ಏರಿಯಾಗಳಲ್ಲಿ ಇದರ ತದ್ವಿರುದ್ಧ: ಮಾಲ್ ಇದೆ, ಬೀದಿ ಇಲ್ಲ. ಸೈಕಲ್ಲಿನ ಹಿಂದೆ ಮಗು ಕೂರಿಸಿಕೊಂಡ ತಾಯಂದಿರು, ಚೀಲ ಹಿಡಿದ ಅಜ್ಜಿಯರು, ಆಫೀಸಿನಿಂದ ಬಂದವರು, ಮೂವರೂ ಒಂದೇ ಬೀದಿಯಲ್ಲಿ ಕಂಡರೆ ಆ ಏರಿಯಾ ಸರಿ. ಮನೆಯನ್ನು ಮಾತ್ರ ಆ ಬೀದಿಯಿಂದ ಎರಡು ಅಡ್ಡರಸ್ತೆ ಒಳಗೆ ಹಿಡಿಯಿರಿ. ಮುಖ್ಯ ಬೀದಿಯಲ್ಲೇ ಹಿಡಿದರೆ ಊಟದ ಅಂಗಡಿಗಳ ಎಕ್ಸಾಸ್ಟ್ ಗಾಳಿ, ಜಿರಳೆ, ಬೆಳಗಿನ ಜಾವದ ಸರಕು ಲಾರಿ, ಎಲ್ಲವೂ ಬಾಡಿಗೆಯ ಜೊತೆ ಬರುತ್ತವೆ.

ಇನ್ನು ರೈಲು. ಜಾಹೀರಾತಿನಲ್ಲಿ "ಸ್ಟೇಷನ್ನಿನಿಂದ 8 ನಿಮಿಷ" ಎಂದಿದ್ದರೆ ಅದು 80 ಮೀಟರಿಗೆ ಒಂದು ನಿಮಿಷದ ಲೆಕ್ಕ. ಸಿಗ್ನಲ್ಲಿಗೆ ಕಾಯುವುದು, ಏರು, ಪ್ಲಾಟ್‌ಫಾರ್ಮಿನಿಂದ ಮೇಲೆ ಬರುವುದು ಇದರಲ್ಲಿ ಸೇರಿಲ್ಲ. ಎಂಟಕ್ಕೆ ಹನ್ನೊಂದು ಅಂದುಕೊಳ್ಳಿ. ಯಾವ ರೈಲು ಎಲ್ಲಿ ನಿಲ್ಲುತ್ತದೆ ಎಂಬುದು ಇನ್ನೂ ಮುಖ್ಯ. ಕೊಯೆಂಜಿ, ಅಸಗಾಯಾ, ನಿಶಿ ಒಗಿಕುಬೊ ಮೂರೂ ಸೊಗಸಾದ, ಜೀವಂತ ಏರಿಯಾಗಳು; ಆದರೆ ಚುವೊ ಲೈನಿನ ರ‍್ಯಾಪಿಡ್ ರೈಲು ಶನಿವಾರ, ಭಾನುವಾರ ಮತ್ತು ರಜಾದಿನ ಅಲ್ಲಿ ನಿಲ್ಲುವುದಿಲ್ಲ, ನಿಧಾನದ ಸೊಬು ಲೈನ್ ಹಿಡಿಯಬೇಕು. ಅದೇ ದಾರಿಯ ಕಿಚಿಜೋಜಿಯಲ್ಲಿ ವಾರವಿಡೀ ನಿಲ್ಲುತ್ತದೆ. ಅಲ್ಲಿಂದ ಶಿಬುಯಾಗೆ ನೇರ ಇನೊಕಶಿರಾ ಲೈನ್ ಇದೆ, ಕಾಲ್ನಡಿಗೆಯಲ್ಲಿ ದೊಡ್ಡ ಕೆರೆಯ ಪಾರ್ಕ್ ಇದೆ. ಬಾಡಿಗೆಯೂ ಅದಕ್ಕೆ ತಕ್ಕಂತೆಯೇ ಇದೆ. ನಕಾನೊದಲ್ಲಿ ತೊಜಾಯ್ ಲೈನಿನ ಹಲವು ರೈಲುಗಳು ಅಲ್ಲೇ ಹೊರಡುವುದರಿಂದ ಐದು ನಿಮಿಷ ಮುಂಚೆ ಹೋಗಿ ಸಾಲಿನಲ್ಲಿ ನಿಂತರೆ ಆಫೀಸುಗಳ ಏರಿಯಾ ಒತೆಮಾಚಿವರೆಗೆ ಕೂತು ಹೋಗಬಹುದು. ದಿನವೂ ಸೀಟು ಸಿಗುವುದಾದರೆ ಹತ್ತು ನಿಮಿಷ ಹೆಚ್ಚಿನ ಪ್ರಯಾಣ ಭಾರವಲ್ಲ.

ಈಗ ನಿಶಿಕಸಾಯ್ ಮಾತು. ಟೋಕಿಯೊದ 23 ವಾರ್ಡುಗಳಲ್ಲಿ ಅತಿ ಹೆಚ್ಚು ಭಾರತೀಯರಿರುವ ಎದೊಗವಾ ವಾರ್ಡಿನಲ್ಲಿದೆ. 2000ದ ಆಸುಪಾಸಿನಲ್ಲಿ ವೈಟುಕೆ, ಅಂದರೆ ಕಂಪ್ಯೂಟರುಗಳ ಇಸವಿ ಲೆಕ್ಕದ ದೋಷ ಸರಿಪಡಿಸುವ ಕೆಲಸಕ್ಕೆ ಬಂದ ಎಂಜಿನಿಯರುಗಳಿಂದ ಬೆಳೆದದ್ದು. ಭಾರತೀಯ ಶಾಲೆ, ಕರಿಬೇವು ಸಿಗುವ ಅಂಗಡಿ, ದೀಪಾವಳಿಗೆ ಪಾರ್ಕಿನಲ್ಲಿ ಹಬ್ಬ, ಎಲ್ಲ ಇದೆ. ಶಾಲೆಗೆ ಹೋಗುವ ಮಕ್ಕಳಿದ್ದು, ಎರಡು ಮೂರು ವರ್ಷದಲ್ಲಿ ಊರಿಗೆ ವಾಪಸಾಗುವವರಿಗೆ ಇದು ಒಳ್ಳೆಯ ಜಾಗ, ಎರಡು ಮಾತಿಲ್ಲ. ಆದರೆ ಅಲ್ಲಿಂದ ಹಿಡಿಯಬೇಕಾದ ತೊಜಾಯ್ ಲೈನಿನ ಬೆಳಗಿನ ನೂಕುನುಗ್ಗಲು ದೇಶದಲ್ಲೇ ಹೆಸರುವಾಸಿ: ಕಿಬಾದಿಂದ ಮೊನ್ಜೆನ್ ನಕಚೊವರೆಗಿನ ಭಾಗದಲ್ಲಿ 2019ರಲ್ಲಿ ಸಾಮರ್ಥ್ಯದ ಶೇಕಡಾ 199. ಹಗಲಿನ ರ‍್ಯಾಪಿಡ್ ನಿಶಿಕಸಾಯ್‌ನಲ್ಲಿ ನಿಲ್ಲುವುದೂ ಇಲ್ಲ.

ಅದಕ್ಕಿಂತ ದೊಡ್ಡದು ನೆಲದ ಪ್ರಶ್ನೆ. ಎದೊಗವಾ ವಾರ್ಡಿನ ಸುಮಾರು ಶೇಕಡಾ 70 ಭಾಗ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ವಾರ್ಡ್ ಕಚೇರಿ ಹಂಚಿದ ಪ್ರವಾಹ ನಕ್ಷೆಯ ಮುಖಪುಟದಲ್ಲೇ, ದೊಡ್ಡ ಪ್ರವಾಹ ಬರುವಂತಿದ್ದರೆ ಇಲ್ಲಿ ಇರಬೇಡಿ, ವಾರ್ಡಿನಿಂದ ಹೊರಗೆ ಹೋಗಿ ಎಂದು ಬರೆದಿತ್ತು. ಅದೇ ವರ್ಷದ ಅಕ್ಟೋಬರ್ ಚಂಡಮಾರುತದಲ್ಲಿ ಪಕ್ಕದ ಕವಸಾಕಿ ನಗರದ ಮುಸಾಶಿ ಕೊಸುಗಿಯ ಒಂದು ಎತ್ತರದ ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿ, ವಿದ್ಯುತ್ ಉಪಕರಣ ಕೆಟ್ಟು, ಲಿಫ್ಟ್ ನಿಂತುಹೋಯಿತು. ಹಾಗಾಗಿ ಮೇಲಂತಸ್ತು ಹಿಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಯಾವ ವಾರ್ಡಾದರೂ ಅಗ್ರಿಮೆಂಟಿಗೆ ಮುಂಚೆ ಅದರ ಪ್ರವಾಹ ನಕ್ಷೆ ತೆರೆದು, ಮನೆಯ ವಿಳಾಸದ ಬಣ್ಣ ಯಾವುದು, ನೀರು ಎಷ್ಟು ಆಳ ನಿಲ್ಲಬಹುದು ನೋಡಿ. ಪೂರ್ವದ ತಗ್ಗು ವಾರ್ಡುಗಳಲ್ಲೇ ಇರಬೇಕಾದರೆ, ಹೊರಗೆ ಎಲ್ಲಿಗೆ ಹೋಗುವುದು ಎಂಬುದು ಮನೆಯವರಿಗೆಲ್ಲ ಮೊದಲೇ ಗೊತ್ತಿರಲಿ. ಕಟ್ಟಡಕ್ಕೆ ಜೂನ್ 1981ರ ನಂತರ ಅನುಮತಿ ಸಿಕ್ಕಿದೆಯೇ ಅಂತಲೂ ಬ್ರೋಕರನ್ನು ಕೇಳಿ. ಭೂಕಂಪದ ಹೊಸ ನಿಯಮ ಜಾರಿಯಾದದ್ದು ಆಗ.

ಕರಿಬೇವಿಗಾಗಿ ಏರಿಯಾ ಆರಿಸುವ ಅಗತ್ಯ ಈಗಿಲ್ಲ. ಬೇಳೆ, ಅಕ್ಕಿ, ಸಾಂಬಾರ್ ಪುಡಿ ಮನೆ ಬಾಗಿಲಿಗೆ ಬರುತ್ತವೆ. ಶಿನ್ ಒಕುಬೊ, ಒಕಾಚಿಮಾಚಿಗಳಲ್ಲೂ ಸಿಗುತ್ತವೆ. ಗಮನ ಕೊಡಬೇಕಾದ್ದು ಅಡುಗೆಮನೆಗೆ. ಒಂಟಿಯಾಗಿ ಇರುವವರ ಮನೆಗಳಲ್ಲಿ ಹೆಚ್ಚಾಗಿ ಒಂದೇ ಒಲೆ, ಅದೂ ಹಲವೆಡೆ ಇಂಡಕ್ಷನ್. ಊರಿನ ಅಲ್ಯುಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗುವುದಿಲ್ಲ. ನೀವೇ ಗ್ಯಾಸ್ ಒಲೆ ಕೊಳ್ಳುವುದಾದರೆ ಮನೆಗೆ ಪೈಪಿನ ಗ್ಯಾಸೋ ಪ್ರೋಪೇನೋ ಕೇಳಿಕೊಳ್ಳಿ. ಒಂದರ ಒಲೆ ಇನ್ನೊಂದಕ್ಕೆ ಆಗದು, ಪ್ರೋಪೇನಿನ ಬಿಲ್ಲೂ ಜಾಸ್ತಿ. ಕರೆಂಟು 100 ವೋಲ್ಟ್. 750 ವಾಟಿನ ಮಿಕ್ಸಿಗೆ 1500 ವಾಟಿನ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಬೇಕು. ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ದೀಪ, ಪರದೆ ಕೂಡ ಇರುವುದಿಲ್ಲ. ಮೊದಲ ರಾತ್ರಿ ಕತ್ತಲಲ್ಲಿ ಕೂರಬೇಡಿ, ಕೀ ಸಿಗುವ ದಿನವೇ ಒಂದು ಸೀಲಿಂಗ್ ಲೈಟ್ ತನ್ನಿ.

ದುಡ್ಡಿನ ಲೆಕ್ಕ ಬೆಂಗಳೂರಿನದಲ್ಲ. ಅಲ್ಲಿ ಅಡ್ವಾನ್ಸ್ ದೊಡ್ಡದಾದರೂ ವಾಪಸ್ ಬರುತ್ತದೆ. ಇಲ್ಲಿ ಬಹುಪಾಲು ಹೋಯಿತೆಂದೇ ಲೆಕ್ಕ. ಬಾಡಿಗೆ 1,20,000 ಯೆನ್ ಇದ್ದರೆ ಶಿಕಿಕಿನ್ ಎಂಬ ಅಡ್ವಾನ್ಸ್ 1,20,000, ಓನರಿಗೆ ಕೊಟ್ಟು ಮರೆಯಬೇಕಾದ ರೇಕಿನ್ 1,20,000, ಬ್ರೋಕರಿಗೆ ತೆರಿಗೆ ಸೇರಿ 1,32,000, ಜಾಮೀನು ಕಂಪನಿಗೆ ಅರ್ಧ ತಿಂಗಳು ಅಂದರೆ 60,000, ಮೊದಲ ತಿಂಗಳ ಬಾಡಿಗೆ 1,20,000, ಬೀಗ ಬದಲಾಯಿಸಲು 20,000, ಬೆಂಕಿ ವಿಮೆ 20,000. ಒಟ್ಟು 5,92,000. ಹಿಂದಿರುಗುವುದು ಅಡ್ವಾನ್ಸ್ ಮಾತ್ರ, ಅದರಲ್ಲೂ ಕ್ಲೀನಿಂಗ್ ಹಣ ಮುರಿದುಕೊಳ್ಳುತ್ತಾರೆ. ಎರಡು ವರ್ಷಕ್ಕೊಮ್ಮೆ ಅಗ್ರಿಮೆಂಟ್ ಮುಂದುವರಿಸಲು ಹಲವು ಕಡೆ ಮತ್ತೊಂದು ತಿಂಗಳ ಬಾಡಿಗೆ.

ಇದನ್ನೆಲ್ಲ ತಪ್ಪಿಸುವ ದಾರಿ ಯುಆರ್ ಎಂಬ ಅರೆಸರ್ಕಾರಿ ವಸತಿ ಸಂಸ್ಥೆಯ ಮನೆಗಳು. ರೇಕಿನ್ ಇಲ್ಲ, ಬ್ರೋಕರ್ ಇಲ್ಲ, ಜಾಮೀನು ಇಲ್ಲ, ನವೀಕರಣ ಶುಲ್ಕ ಇಲ್ಲ. ಎರಡು ತಿಂಗಳ ಅಡ್ವಾನ್ಸ್ ಸಾಕು. 82,500ರಿಂದ 2,00,000 ಯೆನ್ ಒಳಗಿನ ಬಾಡಿಗೆಗೆ ಕುಟುಂಬದವರು ತಿಂಗಳಿಗೆ 3,30,000 ಯೆನ್ ಆದಾಯ ತೋರಿಸಬೇಕು. ಮೊದಲು ಬಂದವರಿಗೆ ಮೊದಲು. ಕಟ್ಟಡ ಹಳೆಯದಿರಬಹುದು, ಆದರೆ ಸುತ್ತ ಮರ, ಆಟದ ಜಾಗ ಇರುತ್ತದೆ. ಕುಟುಂಬ ಕರೆದುಕೊಂಡು ಹೋಗುವವರು ಮೊದಲು ಇಲ್ಲೇ ಕೇಳಲಿ. ವಿದೇಶಿಯರು ಎಂಬ ಕಾರಣಕ್ಕೆ ಓನರುಗಳು ಬೇಡ ಅನ್ನುವುದು ಮಾಮೂಲಿ. 2017ರಲ್ಲಿ ಪ್ರಕಟವಾದ ನ್ಯಾಯ ಸಚಿವಾಲಯದ ಸಮೀಕ್ಷೆಯಲ್ಲಿ ಮನೆ ಹುಡುಕಿದ್ದ ವಿದೇಶಿಯರಲ್ಲಿ ಶೇಕಡಾ 39 ಮಂದಿ ಹಾಗೆ ಹೇಳಿಸಿಕೊಂಡಿದ್ದರು. ಯುಆರ್‌ನಲ್ಲಿ ಆ ಪ್ರಶ್ನೆ ಏಳುವುದಿಲ್ಲ.

ಜಪಾನಿನಲ್ಲಿ ಶಾಲೆ, ಆಫೀಸು ಎಲ್ಲ ಏಪ್ರಿಲ್‌ಗೆ ಶುರುವಾಗುವುದರಿಂದ ಜನವರಿಯಿಂದ ಮಾರ್ಚ್‌ವರೆಗೆ ಒಳ್ಳೆಯ ಮನೆಗಳು ಒಂದು ದಿನವೂ ಉಳಿಯುವುದಿಲ್ಲ, ಸಾಮಾನು ಸಾಗಿಸುವವರ ದರವೂ ಏರಿರುತ್ತದೆ. ಮೇ ನಂತರ ಚೌಕಾಸಿಗೆ ಜಾಗವಿದೆ. ರೇಕಿನ್ ಕಡಿಮೆ ಮಾಡಿ ಎಂದು ಕೇಳಲು ಸಂಕೋಚ ಬೇಡ. ಮೊದಲ ತಿಂಗಳು ಕಂಪನಿ ಕೊಡುವ ಮನೆಯಲ್ಲೋ ತಿಂಗಳ ಲೆಕ್ಕದ ಫರ್ನಿಶ್ಡ್ ರೂಮಿನಲ್ಲೋ ಇದ್ದು, ನಾಲ್ಕೈದು ಸ್ಟೇಷನ್ನುಗಳಲ್ಲಿ ಸಂಜೆ ಇಳಿದು ನಡೆದು ನೋಡಿ. ಮನೆ ಹಿಡಿದ ಮೇಲೆ ಸಾಮಾನು ಒಳಗಿಡುವ ಮೊದಲೇ ಗೋಡೆ, ನೆಲ, ಕಿಟಕಿ ಚೌಕಟ್ಟಿನ ಪ್ರತಿ ಗೀರಿಗೂ ತಾರೀಖಿರುವ ಫೋಟೊ ತೆಗೆದು ಬ್ರೋಕರಿಗೆ ಮೇಲ್ ಮಾಡಿ. ಸಹಜ ಸವೆತದ ಖರ್ಚು ಬಾಡಿಗೆದಾರರದ್ದಲ್ಲ ಎಂದು 2020ರ ಏಪ್ರಿಲ್‌ನಿಂದ ಕಾನೂನಿನಲ್ಲೇ ಇದೆ, ಆದರೆ ಗೀರು ಮೊದಲೇ ಇತ್ತು ಎಂದು ತೋರಿಸುವ ಕೆಲಸ ನಿಮ್ಮದು. ಹೊಸ ವಿಳಾಸವನ್ನು 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ದಾಖಲಿಸಿ, ಬರುವಾಗ ಅಲ್ಲೇ, ಯಾವ ದಿನ ಯಾವ ಕಸ ಹಾಕಬೇಕೆಂದು ತಿಳಿಸುವ ಕಸದ ಕ್ಯಾಲೆಂಡರ್ ಕೇಳಿ ತನ್ನಿ.